ಅಮ್ಮ ಕೂತರೆ ನಿಲ್ಲುವ ಗಾಳಿ

ಆ ಕಾರು ಮೊದಲ ಸಲ ಬಂಟ್ವಾಳದ ನನ್ನ ಶೆಡ್ಡಿಗೆ ಬಂದಾಗ ಅದರಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ಎರಡನೆಯ ಸಲ ಬಂದಾಗ ಸಣ್ಣದೂ ಇರಲಿಲ್ಲ. ಮನೆಯಲ್ಲಿ ಕೆಟ್ಟು ಗ್ಯಾರೇಜಿನಲ್ಲಿ ಸರಿಯಾಗಿರುವ ಗಾಡಿಯಷ್ಟು ತಲೆ ತಿನ್ನುವಂಥದ್ದು ಬೇರೊಂದಿಲ್ಲ. ಕೆಟ್ಟದ್ದನ್ನಾದರೆ ಬಿಚ್ಚಿ ನೋಡಬಹುದು, ಸರಿ ಇರುವುದನ್ನು ಏನು ಮಾಡುವುದು?

ಅರುವತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ಕಾರು ಅಮೆರಿಕದ್ದು, ದೋಣಿಯಷ್ಟು ಉದ್ದ. ಬೊಂಬಾಯಿಯಲ್ಲಿ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟದ್ದನ್ನು ನಾರಾವಿಯ ಹತ್ತಿರದ ಒಬ್ಬ ಜೈನ ಧಣಿಗಳು ತರಿಸಿದ್ದರು. ಊರಿನವರು ಶೋಕಿ ಎಂದು ಆಡಿಕೊಂಡರು. ಶೋಕಿಯಲ್ಲ. ಅವರ ತಾಯಿಗೆ ಬಹಳ ಕಾಲದಿಂದ ಉಬ್ಬಸ, ಈಚೆಗೆ ಹೃದಯವೂ ಸೋತಿತ್ತು. ಸೆಕೆಯೂ ಆಗದು, ಧೂಳೂ ಆಗದು. ನಮ್ಮ ಕಡೆಯ ರಸ್ತೆಗಳು ಆಗ ಕೆಂಪು ಮಣ್ಣಿನವು. ಕಾರಿನ ಕಿಟಕಿ ತೆರೆದರೆ ಧೂಳಿಗೆ ಕೆಮ್ಮು ಹತ್ತುತ್ತದೆ, ಮುಚ್ಚಿದರೆ ಸೆಕೆಗೆ ಜೀವ ಬಾಯಿಗೆ ಬರುತ್ತದೆ. ಮಳೆ ಹಿಡಿಯುವ ಮೊದಲು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಲೇಬೇಕು, ಮಳೆಯ ಥಂಡಿ ಶುರುವಾದರೆ ತನ್ನ ಕೈಯಲ್ಲಿಲ್ಲ ಎಂದು ಮೂಡುಬಿದಿರೆಯ ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಗಾಳಿ ತಂಪು ಮಾಡುವ ಯಂತ್ರವಿದ್ದ ಈ ಕಾರು.

ಬೆಳಿಗ್ಗೆ ಬೇಗ ಹೊರಟರಾಗದೇ ಎಂದು ನಾನೂ ಕೇಳಿದ್ದೆ. ಆಗುವುದಿಲ್ಲ. ಬಸದಿಯ ಅಭಿಷೇಕ ಮುಗಿದು ಗಂಧೋದಕ ಹಣೆಗೆ ಹಚ್ಚಿಕೊಳ್ಳದೆ ಅಮ್ಮ ಬಾಯಿಗೆ ನೀರು ಹಾಕುವವರಲ್ಲ, ಬರಿಹೊಟ್ಟೆಯಲ್ಲಿ ಮದ್ದು ಕೊಡುವ ಹಾಗಿಲ್ಲ. ಸಂಜೆ ಹೊರಡೋಣವೆಂದರೆ ಹೊತ್ತು ಮುಳುಗಿದ ಮೇಲೆ ಮದ್ದೂ ಇಲ್ಲ, ನೀರೂ ಇಲ್ಲ. ಹೀಗೆ ಅವರ ಪಾಲಿಗೆ ಉಳಿದದ್ದು ಸುಡುವ ಹಗಲು ಮಾತ್ರ.

ನಾನು ಒಂದು ಕಾಲದಲ್ಲಿ ಮಂಗಳೂರಿನ ಐಸು ಕಾರ್ಖಾನೆಯಲ್ಲಿ ಕಂಪ್ರೆಸರು ನೋಡಿಕೊಂಡಿದ್ದವನು. ಅದನ್ನು ಯಾರೋ ಧಣಿಗಳ ಕಿವಿಗೆ ಹಾಕಿದ್ದರಿಂದ ಗಾಡಿ ನನ್ನಲ್ಲಿಗೆ ಬಂತು. ಧಣಿಗಳ ದೂರು ಇಷ್ಟೇ: ಹೊರಟಾಗ ಗಾಳಿ ಸ್ವಲ್ಪ ಬರುತ್ತದೆ, ಬರಬರುತ್ತಾ ಕಮ್ಮಿಯಾಗಿ ಕಡೆಗೆ ನಿಂತೇಹೋಗುತ್ತದೆ.

ಆ ಕಾರಿನಲ್ಲಿ ತಂಪಿನ ಪೆಟ್ಟಿಗೆ ಇದ್ದದ್ದು ಹಿಂದಿನ ಡಿಕ್ಕಿಯೊಳಗೆ. ಎಂಜಿನಿನ ಬೆಲ್ಟು ಕಂಪ್ರೆಸರನ್ನು ತಿರುಗಿಸುತ್ತದೆ, ಗ್ಯಾಸು ಉದ್ದದ ಕೊಳವೆಯಲ್ಲಿ ಹಿಂದೆ ಹೋಗಿ ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿಯನ್ನು ತಣ್ಣಗೆ ಮಾಡುತ್ತದೆ. ಹಿಂದಿನ ಸೀಟಿನ ಬೆನ್ನಿಗೂ ಹಿಂಬದಿಯ ಗಾಜಿಗೂ ನಡುವೆ ಮಗುವನ್ನು ಮಲಗಿಸಬಹುದಾದಷ್ಟು ಅಗಲದ ಹಲಗೆ, ಅದರ ಮಧ್ಯೆ ಒಂದು ಜಾಲರಿ. ಕಾರಿನ ಒಳಗಿನ ಗಾಳಿ ಆ ಜಾಲರಿಯಿಂದ ಕೆಳಗಿಳಿದು, ಸುರುಳಿಯ ಸಂದಿನಲ್ಲಿ ಹಾದು ತಣ್ಣಗಾಗಿ, ಫ್ಯಾನುಗಳ ಬಲದಿಂದ ಎರಡೂ ಬದಿಯ ಕೊಳವೆಗಳಲ್ಲಿ ಮೇಲೇರಿ, ಚಾವಣಿಯ ಕಂಡಿಗಳಿಂದ ತಲೆಯ ಮೇಲೆ ಬೀಳುತ್ತದೆ. ಒಂದೇ ಗಾಳಿ ಸುತ್ತು ಹೊಡೆಯುವುದು, ಅಷ್ಟೆ. ಸುತ್ತಿನಲ್ಲಿ ಎಲ್ಲೋ ತಡೆ ಇರಬೇಕು.

ಮೊದಲು ನಾನು ಚಾವಣಿಯ ಪ್ರತಿ ಕಂಡಿಗೂ ಗೇಣುದ್ದದ ಹತ್ತಿ ನೂಲು ಕಟ್ಟಿದೆ. ಗಾಳಿ ಎಷ್ಟಿದೆಯೆಂದು ಕೈಗಿಂತ ನೂಲು ಚೆನ್ನಾಗಿ ಹೇಳುತ್ತದೆ, ಕೈಗೆ ಅಭಿಮಾನ ಇರುತ್ತದೆ. ಗ್ಯಾಸಿನ ದಾರಿಯಲ್ಲಿ ಒಂದು ಗಾಜಿನ ಕಣ್ಣು ಇರುತ್ತದೆ. ಅದರಲ್ಲಿ ಗುಳ್ಳೆ ಕಂಡರೆ ಗ್ಯಾಸು ಕಮ್ಮಿ ಎಂದು ಅರ್ಥ. ಗುಳ್ಳೆ ಇರಲಿಲ್ಲ. ಡಿಕ್ಕಿಯ ಪೆಟ್ಟಿಗೆ ಬಿಚ್ಚಿದರೆ ಸುರುಳಿಯ ಮೇಲೆ ಬೊಂಬಾಯಿಯ ಧೂಳು, ನಾಯಿಯದೋ ಏನೋ ಕೂದಲು, ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿತ್ತು. ನೀರು ಹೊರಹೋಗುವ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಒಂದು ಫ್ಯಾನಿನ ಮೋಟಾರಿನ ಕಾರ್ಬನ್ ಬ್ರಷ್ಷು ಸವೆದಿತ್ತು. ಎಲ್ಲವನ್ನೂ ತೊಳೆದು, ಬದಲಿಸಿ, ಜೋಡಿಸಿ ಪಾಣೆಮಂಗಳೂರಿನ ಸೇತುವೆಯಾಚೆಗೆ ಓಡಿಸಿದೆ. ನೂಲುಗಳು ಕಂಡಿಯಿಂದ ನೆಟ್ಟಗೆ ಚಾಚಿಕೊಂಡು ನಿಂತವು. ಸಿಕ್ಕಿತು ರೋಗ ಎಂದುಕೊಂಡು ಕೈ ತೊಳೆದೆ.

ವಾರ ಕಳೆಯುವುದರೊಳಗೆ ಧಣಿಗಳ ಡ್ರೈವರ್ ಗಾಡಿ ತಂದು ನಿಲ್ಲಿಸಿದ. ಮುಖ ಬಾಡಿತ್ತು.

"ಮೇಸ್ತ್ರಿಗಳೇ, ಮೊನ್ನೆ ಅಮ್ಮನನ್ನು ಮೂಡುಬಿದಿರೆಗೆ ಕರ್ಕೊಂಡು ಹೋದೆವು. ಅರ್ಧ ದಾರಿಗಾಗುವಾಗ ಗಾಳಿ ಇಲ್ಲ. ಅಮ್ಮನ ತುಟಿ ನೀಲಿ ಆಗಿತ್ತು. ಎತ್ತಿಕೊಂಡು ಹೋಗಿ ಮರದ ಅಡಿಯಲ್ಲಿ ಮಲಗಿಸಿದ್ದು ನಾನೇ."

"ಏರಿನಲ್ಲಿ ಎಂಜಿನು ಎಳೆಯುವುದಿಲ್ಲ ಅಂತ ನೀನು ಸ್ವಿಚ್ಚು ಆಫ್ ಮಾಡಿದ್ದೆಯಾ?"

"ನೀವೂ ಅದನ್ನೇ ಕೇಳ್ತೀರಲ್ಲ ಮಾರಾಯ್ರೆ! ಧಣಿಗಳೂ ಅದೇ ಕೇಳಿದ್ರು. ನನ್ನ ಮಕ್ಕಳ ಆಣೆ, ನಾನು ಮುಟ್ಟಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನಾನು ಮತ್ತೆ ಕೇಳಲಿಲ್ಲ. ಆ ದಿನ ಗಾಡಿಯನ್ನು ಬಿಸಿಲಲ್ಲೇ ನಿಲ್ಲಿಸಿ ಯಂತ್ರ ಓಡಿಸಿದೆ, ಬೆಳ್ತಂಗಡಿಯವರೆಗೆ ಹೋಗಿ ಬಂದೆ, ಏರು ಹತ್ತಿಸಿದೆ, ಇಳಿಸಿದೆ. ನೂಲು ಒಮ್ಮೆಯೂ ತಲೆ ತಗ್ಗಿಸಲಿಲ್ಲ. ಚಳಿಗೆ ನನಗೇ ಸೀನು ಬಂತು. ಕೊನೆಗೆ ಡ್ರೈವರನ ಜೊತೆ ನಾರಾವಿಗೇ ಹೋದೆ. ಅಲ್ಲಿ ಮನೆಯ ಅಂಗಳದಲ್ಲಿ ಓಡಿಸಿದೆ. ಅಲ್ಲೂ ಸರಿ! ನನಗೆ ಸಿಟ್ಟು ಬಂದು ಟೈರಿಗೆ ಒಂದು ಒದ್ದೆ.

ಧಣಿಗಳು ಜಗಲಿಯಿಂದ ನೋಡುತ್ತಿದ್ದರು. ಮೃದು ಸ್ವಭಾವದವರು, ಆದರೆ ಆ ದಿನ ಮಾತಿನಲ್ಲಿ ಬೇಸರವಿತ್ತು. "ಬಿಡಿ ಮೇಸ್ತ್ರಿ. ನಿಮ್ಮಿಂದ ಆಗುವುದಿಲ್ಲವಾದರೆ ಆಗುವುದಿಲ್ಲ ಅಂತ ಹೇಳಿ. ಎತ್ತಿನ ಗಾಡಿಯಲ್ಲಾದರೂ ಕರ್ಕೊಂಡು ಹೋಗ್ತೇನೆ."

ನಾನು ನೂಲುಗಳನ್ನೇ ನೋಡುತ್ತಾ ನಿಂತೆ. ಶೆಡ್ಡಿನಲ್ಲಿ ಸರಿ, ರಸ್ತೆಯಲ್ಲಿ ಸರಿ, ಅಂಗಳದಲ್ಲೂ ಸರಿ. ಕೆಟ್ಟ ದಿನಗಳಲ್ಲಿ ಇದ್ದು ನನ್ನ ಪರೀಕ್ಷೆಗಳಲ್ಲಿ ಇಲ್ಲದ್ದು ಒಂದೇ ಒಂದು.

"ಧಣಿಗಳೇ, ಅಮ್ಮ ಕೂತಾಗ ಮಾತ್ರ ಇದು ಕೆಡ್ತದೆ. ಹಾಗಾದರೆ ಅಮ್ಮ ಕೂತೇ ನೋಡಬೇಕು."

"ಎಂತ ಮಾತಾಡ್ತೀರಿ? ಅವರ ಅವಸ್ಥೆ ನೋಡಿದ್ದೀರಾ ನೀವು?"

"ಅಳದಂಗಡಿವರೆಗೆ ಮಾತ್ರ. ಗಾಳಿ ಕಮ್ಮಿಯಾದ ಕೂಡಲೇ ನೆರಳು ನೋಡಿ ನಿಲ್ಲಿಸುವ. ನಾನೂ ಜೊತೆಗೆ ಬರ್ತೇನೆ."

ಧಣಿಗಳು ಒಪ್ಪುವ ಹಾಗೆ ಕಾಣಲಿಲ್ಲ. ಒಳಗಿನಿಂದ ಕ್ಷೀಣವಾದ ಆದರೆ ದೃಢವಾದ ಧ್ವನಿ ಬಂತು. "ಹೋಗುವ ಮಗಾ. ಕೂತಲ್ಲೇ ಕೂತು ನನಗೂ ಸಾಕಾಗಿದೆ."

ಮರುದಿನ ಬಸದಿಯ ಪೂಜೆ, ಊಟ, ಮದ್ದು ಎಲ್ಲ ಮುಗಿದು ಹೊರಡುವಾಗ ಬಿಸಿಲು ಏರಿತ್ತು. ಅಮ್ಮನನ್ನು ಆಗಲೇ ನಾನು ಮೊದಲು ನೋಡಿದ್ದು. ಬಿಳಿ ಸೀರೆ, ಹಕ್ಕಿಯಷ್ಟು ಹಗುರ ದೇಹ. ಸೊಸೆ ಅವರನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಬಿಸಿಲಿಗೂ ಮರ್ಯಾದೆಗೂ ಆಗುವ ಹಾಗೆ ಸುತ್ತ ಪರದೆ ಎಳೆದುಕೊಂಡರು. ಧಣಿಗಳು, ನಾನು, ಡ್ರೈವರ್ ಮುಂದಿನ ಸೀಟಿನಲ್ಲಿ. ಮುಂದಿನ ಕಂಡಿಯ ನೂಲು ನನ್ನ ಮೂಗಿನೆದುರು.

ಹೊರಡುವಾಗಲೇ ನೂಲು ಅರ್ಧ ಮಾತ್ರ ಎದ್ದಿತ್ತು. ನಿನ್ನೆ ಇದೇ ಅಂಗಳದಲ್ಲಿ ನೆಟ್ಟಗೆ ನಿಂತದ್ದು! ಮೈಲಿ ಕಳೆದ ಹಾಗೆ ಅದು ಮೆಲ್ಲಮೆಲ್ಲ ಬಾಗಿತು. ಫ್ಯಾನಿನ ಸದ್ದು ಕಮ್ಮಿಯಾಗಿರಲಿಲ್ಲ, ಬದಲಿಗೆ ಸ್ವಲ್ಪ ಏರಿತ್ತು. ಅಳದಂಗಡಿ ಇನ್ನೂ ಮುಂದಿದೆ ಅನ್ನುವಾಗ ನೂಲು ಜೋತುಬಿತ್ತು. ಪರದೆಯ ಹಿಂದೆ ಅಮ್ಮನ ಉಸಿರಿನ ಸುಯ್ಲು ಶುರುವಾಯಿತು. ಆ ಸದ್ದು ಕೇಳಿದವರಿಗೇ ಗೊತ್ತು, ನಮ್ಮ ಎದೆಯೂ ಹಿಡಿದುಕೊಳ್ಳುತ್ತದೆ.

"ನಿಲ್ಲಿಸು!" ಎಂದೆ.

ರಸ್ತೆ ಬದಿಯ ಮನೆಯವರು ಮಂಚ ತಂದು ಮಾವಿನ ಮರದ ಅಡಿಯಲ್ಲಿ ಹಾಕಿದರು. ಧಣಿಗಳು ತಾಯಿಯನ್ನು ಎತ್ತಿ ಮಲಗಿಸಿ ಬೀಸತೊಡಗಿದರು. ನಾನು ಡಿಕ್ಕಿಗೆ ಓಡಿದೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಸುರುಳಿ ಕಾಣುತ್ತಲೇ ಇರಲಿಲ್ಲ, ತುಂಬ ಬಿಳಿ ಐಸು. ಕಾರ್ಖಾನೆಯಲ್ಲಿ ನೋಡಿ ನೋಡಿ ಸಾಕಾದ ದೃಶ್ಯ. ಸುರುಳಿಯ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಅದು ತನ್ನ ತಂಪಿಗೆ ತಾನೇ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಮೇಲೆ ಇದ್ದ ಗಾಳಿಗೂ ದಾರಿ ಇಲ್ಲ. ಅಂದರೆ ತಡೆ ಇರುವುದು ಡಿಕ್ಕಿಯಲ್ಲಲ್ಲ, ಅದಕ್ಕಿಂತ ಮೊದಲು, ಗಾಳಿ ಒಳಗೆ ಬರುವ ಬಾಯಿಯಲ್ಲಿ.

ಮನೆಯವರಿಂದ ಒಂದು ಊದುಬತ್ತಿ ಕೇಳಿ ಹಚ್ಚಿಕೊಂಡೆ. ಫ್ಯಾನು ಓಡುತ್ತಿರುವಾಗಲೇ ಹಿಂದಿನ ಸೀಟಿಗೆ ಹತ್ತಿ ಜಾಲರಿಯ ಕಡೆ ಹಿಡಿದೆ. ಹೊಗೆ ಕೆಳಗೆ ಎಳೆದುಕೊಂಡು ಹೋಗಬೇಕಿತ್ತು, ದಿಂಬಿನ ಮೇಲೆ ಸುಮ್ಮನೆ ಸುರುಳಿ ಸುತ್ತಿತು. ದಿಂಬು ಸರಿಸಿದೆ.

ಜಾಲರಿಯ ಮೇಲೆ ಒಂದು ಬಿಳಿ ಬಟ್ಟೆ. ಎರಡು ಪದರ ಮಡಚಿ, ಅಂಚಿಗೆ ದಾರ ಹಾಕಿ ಬಿಗಿಯಾಗಿ ಕಟ್ಟಿದ್ದು. ಒಳಗಿನ ಎಳೆತಕ್ಕೆ ಜಾಲರಿಯ ಸಂದಿಗೆ ಅಂಟಿ ನಗಾರಿಯ ಚರ್ಮದ ಹಾಗೆ ಸೆಟೆದುಕೊಂಡಿತ್ತು. ಅದರ ಮೇಲೆ ಕೆಲವು ನುಸಿಗಳು ಕೂತಿದ್ದವು.

ಬಾಗಿಲ ಹತ್ತಿರ ನಿಂತಿದ್ದ ಸೊಸೆಯನ್ನು ನೋಡಿದೆ. "ಅಕ್ಕಾ, ಇದು ಎಂತ?"

"ಅದು ಸೋಸುವ ಬಟ್ಟೆ" ಎಂದರು ಅವರು, ಅದರಲ್ಲೇನು ಕೇಳುವುದು ಅನ್ನುವ ಹಾಗೆ. "ಆ ಜಾಲರಿ ಗಾಳಿ ಎಳೆಯುವಾಗ ನುಸಿ ಪತಂಗ ಎಲ್ಲ ಒಳಗೆ ಹೋಗಿ ಫ್ಯಾನಿಗೆ ಸಿಕ್ಕಿ ಸಾಯ್ತಾವಲ್ಲ? ಅಮ್ಮ ಮೊದಲ ದಿನವೇ ಕೇಳಿದ್ರು. ನೀರಿಗೆ ಕಟ್ಟುವ ಹಾಗೆ ಗಾಳಿಗೂ ಕಟ್ಟು ಅಂದ್ರು."

"ನಿನ್ನೆ ಇರಲಿಲ್ಲ! ನನ್ನ ಶೆಡ್ಡಿಗೆ ಬಂದಾಗಲೂ ಇರಲಿಲ್ಲ!"

"ಮನೆಗೆ ಬಂದ ಕೂಡಲೇ ಬಿಚ್ಚಿ ಒಗೆದು ಒಣಗಿಸ್ತೇನೆ. ಮಡಿ ಬಟ್ಟೆಯನ್ನು ಗ್ಯಾರೇಜಿಗೆ ಕಳಿಸ್ಲಿಕ್ಕೆ ಆಗ್ತದಾ? ಅಮ್ಮ ಇಲ್ಲದಾಗ ಯಂತ್ರ ಹಾಕುವುದೇ ಇಲ್ಲ ಅಂತ ತಿಳಿದಿದ್ದೆ."

ಹಿಂದಿನ ಸೀಟು ಹೆಂಗಸರದ್ದೆಂದು ಡ್ರೈವರ್ ಅತ್ತ ತಲೆ ಹಾಕುತ್ತಿರಲಿಲ್ಲ. ಜಾಲರಿಗೂ ತಂಪಿಗೂ ಏನು ಸಂಬಂಧವೆಂದು ಈ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಯಾರನ್ನು ಬೈಯುವುದು? ನನಗೆ ನಗುವೂ ಬಂತು, ಅಳುವೂ ಬಂತು. ಹೇಗಾದರೂ ರೋಗ ಸಿಕ್ಕಿತಲ್ಲ ಎಂಬ ಸಮಾಧಾನ ಎಲ್ಲದಕ್ಕಿಂತ ದೊಡ್ಡದಾಗಿತ್ತು.

ವಿಷಯ ತಿಳಿದು ಧಣಿಗಳು ನನ್ನನ್ನು ಕಾರಿನ ಆಚೆ ಬದಿಗೆ ಕರೆದರು. ಮುಖ ಬಿಳಿಚಿತ್ತು. "ತೆಗೆದುಬಿಡಿ. ಅಮ್ಮನಿಗೆ ಗೊತ್ತಾಗುವುದು ಬೇಡ. ದಿಂಬಿನ ಹಿಂದೆ ಅವರಿಗೆ ಕಾಣುವುದೂ ಇಲ್ಲ."

ಕಿಸೆಯಿಂದ ಚಾಕು ತೆಗೆದೆ. ದಾರ ಕತ್ತರಿಸಿದರೆ ಮುಗಿಯಿತು, ಐಸು ಕರಗಿದ ಮೇಲೆ ಆ ದಿನವೇ ಮಂಗಳೂರಿಗೆ ಹೋಗಬಹುದು. ನಾನು ಮೀನಿಲ್ಲದೆ ಅನ್ನ ಇಳಿಯದವನು. ನುಸಿಯ ಪ್ರಾಣಕ್ಕಾಗಿ ಮನುಷ್ಯರು ಸಾಯುವುದು ನನ್ನ ಲೋಕದ ಮಾತಲ್ಲ. ಆದರೂ ಚಾಕು ದಾರದ ಮೇಲೆ ಹಾಗೇ ನಿಂತಿತು. ಆ ಮುದುಕಿ ಹಸಿದಿದ್ದಾಗಲೂ ಬಾಯಾರಿದ್ದಾಗಲೂ ಬಿಡದ ಒಂದನ್ನು, ಅವರು ಕಣ್ಣು ಮುಚ್ಚಿ ಮಲಗಿದಾಗ ಅವರ ಬೆನ್ನ ಹಿಂದೆ ನಾನು ಕತ್ತರಿಸುವುದೇ? ಅವರು ಪ್ರತಿ ಉಸಿರಿಗೂ ಮೋಸ ಹೋಗುತ್ತಾ ಮಂಗಳೂರಿಗೆ ಹೋಗಬೇಕು. ನನ್ನಿಂದಾಗಲಿಲ್ಲ. ಚಾಕು ಮಡಚಿ ಮಂಚದ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಧಣಿಗಳು ನನ್ನನ್ನು ನುಂಗುವ ಹಾಗೆ ನೋಡಿದರು.

ಅಮ್ಮ ಕಣ್ಣು ತೆರೆದು ಕಾರಿನ ಕಡೆ ನೋಡಿದರು. ಆಮೇಲೆ, "ಹಾಗಾದರೆ ಯಂತ್ರವೇ ಬೇಡ. ಹೀಗೇ ಹೋಗುವ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಅಮ್ಮಾ, ನುಸಿಯ ಜೀವ ಜೀವ, ನಿಮ್ಮದು ಅಲ್ವಾ? ಮಗ ಅಲ್ಲಿ ಕಣ್ಣೀರು ಹಾಕ್ತಾ ಇದ್ದಾರೆ!"

ಅವರು ಸಿಟ್ಟಾಗಲಿಲ್ಲ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದರು. "ನನಗೂ ಗಾಳಿ ಬೇಕು ಮೇಸ್ತ್ರಿ. ಬೇಡ ಅಂತ ಹೇಳ್ಲಿಲ್ಲ. ಉಸಿರು ಕಟ್ಟುವುದು ಹೇಗೆ ಅಂತ ನನಗೆ ಗೊತ್ತುಂಟಲ್ಲ, ಅದಕ್ಕೇ ಇನ್ನೊಂದರ ಉಸಿರು ಕಟ್ಟಿಸಲಿಕ್ಕೆ ಮನಸ್ಸು ಬರುವುದಿಲ್ಲ."

ಕಾರಿನ ಹತ್ತಿರ ಬಂದು ತೆರೆದ ಬಾಗಿಲ ಅಂಚಿನಲ್ಲಿ ಕೂತು ಬೀಡಿ ಹಚ್ಚಿದೆ. ಡಿಕ್ಕಿಯ ಐಸು ಕರಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಸುಮ್ಮನೆ ಮಾತಿಗೆಂದು ಸೊಸೆಯನ್ನು ಕೇಳಿದೆ: "ಅಕ್ಕಾ, ಇಷ್ಟು ದಪ್ಪ ಬಟ್ಟೆಯಲ್ಲಿ ಮನೆಯ ನೀರೆಲ್ಲ ಸೋಸಿ ಮುಗಿಯುವುದು ಯಾವಾಗ?"

"ಕೊಡಪಾನದ ಬಾಯಿಗೆ ಕಟ್ಟಿದರೆ ಮುಗಿಯುವುದೇ ಇಲ್ಲ" ಎಂದರು. "ಬಸದಿಯಲ್ಲಿ ವಿಶೇಷ ಪೂಜೆ ಉಂಟಾದರೆ ದೊಡ್ಡ ಹಂಡೆಗೆ ಅಗಲ ಬಟ್ಟೆ ಜೋಲು ಬಿಟ್ಟು ಕಟ್ತೇವೆ. ಕೊಡ ಕೊಡ ಸುರಿದರೂ ಇಳಿದು ಹೋಗ್ತದೆ."

ಬೀಡಿ ಎಸೆದು ಎದ್ದೆ. ಬಟ್ಟೆ ತಪ್ಪಲ್ಲ, ಬಾಯಿ ಸಣ್ಣದು! ಅಂಗೈಯಗಲದ ಬಟ್ಟೆಯಿಂದ ಕಾರಿನ ಗಾಳಿಯೆಲ್ಲ ಎಳೆದರೆ ಕಟ್ಟಿಕೊಳ್ಳುತ್ತದೆ. ಅದೇ ಬಟ್ಟೆ ಹತ್ತಾರು ಪಟ್ಟು ಅಗಲವಿದ್ದರೆ ಪ್ರತಿಯೊಂದು ಎಳೆಯ ಸಂದಿನಿಂದಲೂ ಸ್ವಲ್ಪ ಸ್ವಲ್ಪವೇ ಹೋದರೆ ಸಾಕು. ನಿಧಾನ ಹೋಗುವ ಗಾಳಿಗೆ ನುಸಿಯನ್ನು ಒತ್ತಿ ಹಿಡಿಯುವ ಬಲವೂ ಇರುವುದಿಲ್ಲ. ಜಾಲರಿಯ ಸುತ್ತಿನ ಹಲಗೆ ಆ ಬದಿಯಿಂದ ಈ ಬದಿಯವರೆಗೆ ಖಾಲಿ ಬಿದ್ದಿತ್ತು.

ಬಿಸಿಲು ತಗ್ಗಿದ ಮೇಲೆ ಎಲ್ಲರೂ ನಾರಾವಿಗೆ ಮರಳಿದೆವು. ದನದ ಹಟ್ಟಿಯ ಹಿಂದಿನ ಬಿದಿರು ಸೀಳಿ ತೆಳ್ಳಗೆ ಹೆರೆದು, ಹಲಗೆಯ ಅಗಲಕ್ಕೆ ಸರಿಯಾಗಿ, ಹಿಂಬದಿಯ ಗಾಜಿನ ಅರ್ಧದವರೆಗೆ ಏರುವ ಚೌಕಟ್ಟು ಕಟ್ಟಿದೆ. ಸೊಸೆ ಅಮ್ಮನ ಎರಡು ಹಳೆಯ ಸೀರೆ ತಂದರು, ಒಗೆದು ಒಗೆದು ಮೃದುವಾದವು. ಒಂದೇ ಪದರ ಸಾಕೆಂದು ನಾನು ವಾದಿಸಿದೆ. ಒಳಗಿನಿಂದ ಉತ್ತರ ಬಂತು: "ನೀರಿಗೆ ಎರಡು, ಗಾಳಿಗೂ ಎರಡೇ." ಸರಿ ಮಾರಾಯ್ರೆ ಎಂದು, ಬೀಸಣಿಗೆ ಮಡಚುವ ಹಾಗೆ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಮಡಚಿ ಚೌಕಟ್ಟಿಗೆ ಹೊಲಿಸಿದೆ. ಅಷ್ಟೇ ಜಾಗದಲ್ಲಿ ಎರಡು ಪಟ್ಟು ಬಟ್ಟೆ ಹಿಡಿಯಿತು. ಅಂಚುಗಳಲ್ಲಿ ಗಾಳಿ ಕದ್ದು ಹೋಗದ ಹಾಗೆ ಹಳೆಯ ಟ್ಯೂಬಿನ ಪಟ್ಟಿ ಸಿಕ್ಕಿಸಿದೆ.

ಮೊದಲು ಅಮ್ಮನಿಲ್ಲದೆ ಅಳದಂಗಡಿಗೆ ಹೋಗಿ ಬಂದೆವು. ನೂಲು ನೆಟ್ಟಗೆ ನಿಲ್ಲಲಿಲ್ಲ ನಿಜ, ಮುಕ್ಕಾಲು ಎದ್ದು ಅಲ್ಲೇ ಆಡುತ್ತಿತ್ತು. ಡಿಕ್ಕಿ ತೆರೆದು ನೋಡಿದೆ. ಸುರುಳಿ ಬೆವರಿತ್ತು, ಐಸು ಇರಲಿಲ್ಲ. ಧಣಿಗಳು ಡ್ರೈವರನ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಮಂಗಳೂರಿಗೆ ಹೊರಟ ದಿನ ಆಕಾಶದಲ್ಲಿ ಮೋಡವಿತ್ತು, ಗಾಳಿ ಇಲ್ಲದ ಬೇಯುವ ಸೆಕೆ. ಗುರುವಾಯನಕೆರೆ ದಾಟಿತು, ಬಂಟ್ವಾಳ ದಾಟಿತು. ದಾರಿಯುದ್ದಕ್ಕೂ ನಾನು ಆ ನೂಲನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಎಲ್ಲೋ ಒಂದು ಕಡೆ ಪರದೆಯ ಹಿಂದಿನಿಂದ, "ಮೇಸ್ತ್ರಿ, ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ? ಚಳಿ ಆಗ್ತದೆ" ಎಂದು ಕೇಳಿಸಿತು. ಧಣಿಗಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಬಂದರೂ ಅಮ್ಮ ಇಳಿಯಲಿಲ್ಲ. ಚೌಕಟ್ಟನ್ನು ತೋರಿಸಲು ಹೇಳಿದರು. ನೆರಿಗೆಯ ನಡುವೆ ಕೆಲವು ನುಸಿ, ಒಂದು ಪುಟ್ಟ ಪತಂಗ. ಬೆರಳಿನಿಂದ ಬಟ್ಟೆಯನ್ನು ಮೆಲ್ಲ ತಟ್ಟಿದರು, ಪತಂಗ ಅಲುಗಿತು. ಅಲ್ಲೇ ಕೊಡವಲು ಹೋದ ನನ್ನನ್ನು ತಡೆದರು. ನೀರು ಸೋಸಿದ ಬಟ್ಟೆಯನ್ನು ಅದೇ ಬಾವಿಗೆ ಮರಳಿ ತೊಳೆಯುವುದು ಅವರ ಕ್ರಮವಂತೆ. ಬಟ್ಟೆಯಲ್ಲಿ ಸಿಕ್ಕ ಜೀವ ತಾನಿದ್ದಲ್ಲಿಗೇ ಹೋಗಬೇಕು.

"ಇವು ನಾರಾವಿಯವು. ಅಲ್ಲಿಗೇ ಬಿಟ್ಟುಬಿಡಿ. ನೀವೇ."

ಆ ಸಂಜೆ ಡ್ರೈವರ್ ಬಂಟ್ವಾಳದಲ್ಲಿ ನನ್ನ ಶೆಡ್ಡಿನೆದುರು ಗಾಡಿ ನಿಲ್ಲಿಸಿದ. ನಾನು ಇಳಿಯಲಿಲ್ಲ. "ಮುಂದೆ ಬಿಡು" ಎಂದೆ. ಯಂತ್ರ ಹಾಕದೆ, ಧೂಳು ಕುಡಿಯುತ್ತಾ ನಾರಾವಿಯವರೆಗೆ ಹೋಗಿ, ಅವರ ಮನೆಯ ಗೇಟಿನ ಪಕ್ಕದ ಪೊದೆಯ ಮೇಲೆ ಬಟ್ಟೆ ಕೊಡವಿದೆ. ಮೀನು ತಿನ್ನುವವನಿಗೆ ಇದೆಂತ ಕೆಲಸ ಎಂದು ನನಗೇ ಅನ್ನಿಸದೆ ಇರಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಚೇತರಿಸಿಕೊಂಡರು. ಮಗ್ಗುಲು ತಿರುಗಿ ನಿದ್ದೆ ಮಾಡುತ್ತಿದ್ದಾರೆ, ಅದೇ ದೊಡ್ಡದು ಎಂದು ಧಣಿಗಳು ಹೇಳಿ ಕಳಿಸಿದ್ದರು. ಮಳೆಗಾಲದ ಮಧ್ಯೆ ಒಂದು ಬೆಳಿಗ್ಗೆ ತೀರಿಕೊಂಡರು. ಉಸಿರಾಟಕ್ಕೆ ಕಷ್ಟವಾಗಲಿಲ್ಲವಂತೆ. ಸುದ್ದಿ ಕೇಳಿದ ದಿನ ನಾನು ಶೆಡ್ಡು ತೆರೆಯಲಿಲ್ಲ.

ಮಳೆ ಕಳೆದ ಮೇಲೆ ಕಾರು ಮತ್ತೆ ನನ್ನಲ್ಲಿಗೆ ಬಂತು. ಧಣಿಗಳು ಅದನ್ನು ಮಾರುವವರಿದ್ದರು. ಕೊಳ್ಳುವ ಮಂಗಳೂರಿನ ವ್ಯಾಪಾರಿ ಜೊತೆಗೇ ಬಂದು ಮುಂದಿನ ಸೀಟಿನಲ್ಲಿ ಕೂತ. ಬಿದಿರಿನ ಚೌಕಟ್ಟನ್ನು ನಾನೇ ಬಿಚ್ಚಿ ಬಟ್ಟೆ ಮಡಚಿ ಡ್ರೈವರನ ಕೈಗೆ ಕೊಟ್ಟೆ. ಹಳೆಯ ನೂಲುಗಳು ಕಂಡಿಯಲ್ಲಿ ಇನ್ನೂ ಇದ್ದವು. ಎಂಜಿನು ಹಾಕಿ ಸ್ವಿಚ್ಚು ಒತ್ತಿದೆ. ತಡೆಯೇ ಇಲ್ಲದ ಗಾಳಿ, ನೂಲುಗಳು ಕಡ್ಡಿಯ ಹಾಗೆ ಚಾಚಿಕೊಂಡವು.

"ಫಸ್ಟ್ ಕ್ಲಾಸ್ ಉಂಟು ಮೇಸ್ತ್ರಿ!" ಎಂದ ವ್ಯಾಪಾರಿ, ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡು.

ನಾನು ಹಿಂದೆ ತಿರುಗಿ ನೋಡಿದೆ. ಅಮ್ಮ ಕೂರುತ್ತಿದ್ದ ಜಾಗದ ಹಿಂದೆ, ಬರಿಯ ಜಾಲರಿಯ ಅಂಚಿನಲ್ಲಿ ಒಂದು ಪುಟ್ಟ ಪತಂಗ ಗಾಳಿಯ ಎಳೆತಕ್ಕೆ ರೆಕ್ಕೆ ಒತ್ತಿ ಹಿಡಿದುಕೊಂಡು ಕೂತಿತ್ತು. ಕೈ ತಾನಾಗಿ ಹೋಗಿ ಸ್ವಿಚ್ಚು ಆರಿಸಿತು. ಹಿಂದಿನ ಬಾಗಿಲು ತೆರೆದು ಕಾಯುತ್ತಾ ನಿಂತೆ.

"ಎಂತ ಆಯ್ತು? ಪುನಃ ಕೆಟ್ಟಿತಾ?" ವ್ಯಾಪಾರಿ ಕಣ್ಣು ಬಿಟ್ಟ.

"ಕೆಡಲಿಲ್ಲ" ಎಂದೆ. "ಒಬ್ಬರು ಇಳೀಲಿಕ್ಕೆ ಉಂಟು."